ತಂಗಳು ಯಾರ ಪಾಲು?



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆದು ನಾವೆಲ್ಲ ಅಂಕ ತೆಗೆದುಕೊಂಡಿದ್ದೇವೆ. ನಾನೂ ಬರೆದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಊಟದ ವಿಷಯ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ನಮ್ಮವ್ವ. ರೋಗ ಬಂದದ್ದೂ ಅವಳಿಗೇ. ಇದು ಹೇಗೆ ಅಂತ ಯೋಚನೆ ಮಾಡಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನದ ಮೇಷ್ಟ್ರು ಓದಿ ಎರಡು ಕಡೆ ತಿದ್ದಿದ್ದಾರೆ. ಉಳಿದ ತಪ್ಪುಗಳು ನನ್ನವು.

ಕಳೆದ ಬೇಸಿಗೆಯಲ್ಲಿ ಅಕ್ಕನನ್ನು ನೋಡಲು ಹರಿಹರದ ಕಡೆಯಿಂದ ಗಂಡಿನವರು ಬಂದರು. ಹನ್ನೆರಡು ಜನ ಬರ್ತೀವಿ ಅಂದವರು ಐದೇ ಜನ ಬಂದು, ಉಪ್ಪಿಟ್ಟು ತಿಂದು ಚಾ ಕುಡಿದು, ಊಟ ಇನ್ನೊಮ್ಮೆ ಮಾಡೋಣ ಎಂದು ಎದ್ದುಬಿಟ್ಟರು. ದೊಡ್ಡ ಪಾತ್ರೆಯ ಅನ್ನ ಹಾಗೇ ಉಳಿಯಿತು. ಏಪ್ರಿಲ್ ತಿಂಗಳು, ರಾತ್ರಿಯೂ ಬೆವರು ಇಳಿಯುವ ಕಾಲ. ಅವ್ವ ಪಾತ್ರೆಗೆ ತಟ್ಟೆ ಮುಚ್ಚಿ ಅಡುಗೆಮನೆ ಮೂಲೆಯಲ್ಲಿಟ್ಟಳು. ಬೆಳಿಗ್ಗೆ ನಮಗೆಲ್ಲ ಬಿಸಿ ರೊಟ್ಟಿ ಬಡಿದು ಕೊಟ್ಟು, ತಾನು ಮಾತ್ರ ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿಕೊಂಡು ನಿಂಬೆಹಣ್ಣು ಹಿಂಡಿಕೊಂಡು ಉಂಡಳು. “ಬ್ಯಾಡ ಬಿಡವ್ವಾ” ಅಂದೆ. “ಚೆಲ್ಲಾಕೆ ಮನಸ್ಸು ಬರಲ್ಲ, ವಾಸ್ನಿ ಏನೂ ಬಂದಿಲ್ಲ ನೋಡು” ಅಂದಳು.

ಎರಡು ಗಂಟೆಯೊಳಗೆ ವಾಂತಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಎದ್ದು ನಿಲ್ಲಲಾರಳು. ಅಪ್ಪ ಆಟೋ ಮಾಡಿ ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎರಡು ಬಾಟಲಿ ಗ್ಲೂಕೋಸ್ ಏರಿಸಿದರು. ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ ಎಂಟು ಎಂದು ಬಂತು. ಹೆಂಗಸರಿಗೆ ಹನ್ನೆರಡಾದರೂ ಇರಬೇಕಂತೆ. ಹೋದದ್ದು ವಾಂತಿಗೆ, ಗೊತ್ತಾದದ್ದು ಇನ್ನೊಂದು. ಇವೆರಡಕ್ಕೂ ಬೇರು ಒಂದೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಅವ್ವ ಕೊನೆಗೆ ಉಣ್ಣುತ್ತಾಳೆ, ಉಳಿದದ್ದನ್ನು ಉಣ್ಣುತ್ತಾಳೆ.

ಮೊದಲು ಅನ್ನದ ವಿಷಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಇವು ಮಣ್ಣಿನಿಂದ ಬಂದವು, ಗಟ್ಟಿ ಕವಚದವು. ಅನ್ನ ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಹಾಗೇ ಕೂತರೆ ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಮೂಗಿನಿಂದ ಪರೀಕ್ಷೆ ಮಾಡಿ “ಕೆಟ್ಟಿಲ್ಲ” ಎನ್ನುವ ನಮ್ಮ ಹೆಂಗಸರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ, ಒಮ್ಮೆ ವಿಷ ಹುಟ್ಟಿದ ಮೇಲೆ ಮತ್ತೆ ಬಿಸಿ ಮಾಡಿದರೆ ಅದು ಹೋಗುವುದಿಲ್ಲ. ಕುಕ್ಕರಿನಲ್ಲಿ ಕೂಗಿಸಿದರೂ ಹೋಗುವುದಿಲ್ಲ. ಹಾಗಾದರೆ ಬೆಳಿಗ್ಗೆಯ ಒಗ್ಗರಣೆಯಿಂದ ಏನಾಗುತ್ತದೆ? ಅನ್ನ ಹಳದಿಯಾಗುತ್ತದೆ, ಅಷ್ಟೇ. ಹುಳಿ ಇದ್ದಲ್ಲಿ ಈ ಕ್ರಿಮಿ ಸರಿಯಾಗಿ ಬೆಳೆಯಲಾರದು ಎಂಬುದು ನಿಜ. ಆದರೆ ಬೆಳಿಗ್ಗೆ ಹಿಂಡುವ ನಿಂಬೆಹಣ್ಣು ರಾತ್ರಿಯೆಲ್ಲ ನಡೆದ ಕೆಲಸವನ್ನು ಅಳಿಸುವುದಿಲ್ಲ.

ಇದನ್ನು ಅಜ್ಜಿಗೆ ಹೇಳಿದಾಗ ನಕ್ಕುಬಿಟ್ಟಳು. “ನಾವು ಹುಟ್ಟಿದಾಗಿಂದ ತಂಗಳು ಉಂಡೀವಿ, ನಮಗೇನಾಗೈತಿ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ನಾನೇ ಕೇಳಿದೆ, “ಅಜ್ಜಿ, ಆಗ ತಂಗಳು ಅಂದರೆ ಏನಿರ್ತಿತ್ತು?” ಎಂದು. “ಇನ್ನೇನು, ರೊಟ್ಟಿ” ಅಂದಳು. ಅನ್ನ ಆಗ ಹಬ್ಬಕ್ಕೆ, ನೆಂಟರಿಗೆ ಮಾತ್ರ. ದಿನದ ಊಟ ಜೋಳದ ರೊಟ್ಟಿ, ಇಲ್ಲವೇ ರಾಗಿ ಮುದ್ದೆ. ಮುದ್ದೆ ಉಳಿದರೆ ಹುಳಿ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದರು.

ಉತ್ತರ ಸಿಕ್ಕಿತು. ತೆಳ್ಳಗೆ ಬಡಿದು ಒಣಗಿಸಿದ ಜೋಳದ ರೊಟ್ಟಿಯಲ್ಲಿ ನೀರಿನ ಅಂಶ ಇಲ್ಲ. ನೀರಿಲ್ಲದ ಕಡೆ ಕ್ರಿಮಿ ಬೆಳೆಯದು. ಕಡಕ್ ರೊಟ್ಟಿ ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಆಮೇಲೆ ಭದ್ರಾ ನಾಲೆ ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. 2013ರಲ್ಲಿ ಅನ್ನಭಾಗ್ಯ ಬಂದ ಮೇಲಂತೂ ಬಡವರ ಮನೆಯಲ್ಲೂ ಅಕ್ಕಿಗೆ ಬರವಿಲ್ಲ. (ದಾವಣಗೆರೆಯ ಬೆಣ್ಣೆದೋಸೆಯೇ ಮೊದಲು ರಾಗಿ ದೋಸೆಯಾಗಿತ್ತು ಎಂದು ಹೇಳುವವರಿದ್ದಾರೆ!) ಅನ್ನ ಬಂದದ್ದಕ್ಕೆ ನಾನು ದೂರುವುದಿಲ್ಲ. ಹಸಿದವರಿಗೆ ಅದು ದೊಡ್ಡದು. ಆದರೆ ಊಟ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ರೊಟ್ಟಿಯ ಕಾಲದಲ್ಲಿ ಸೊಸೆಯಂದಿರಿಗೆ ಕೊಟ್ಟ ತಂಗಳಿನ ಪಾಲನ್ನು ಅನ್ನದ ಕಾಲದಲ್ಲೂ ಅವರೇ ಉಣ್ಣುತ್ತಿದ್ದಾರೆ.

ಇನ್ನು ರಕ್ತದ ವಿಷಯ. ಕೇಂದ್ರ ಸರಕಾರದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು. ನೂರಕ್ಕೆ ಸುಮಾರು ನಲವತ್ತೆಂಟು! ನಮ್ಮ ಓಣಿಯ ಬಾವಿಕಟ್ಟೆಯಲ್ಲಿ ಹತ್ತು ಜನ ನಿಂತಿದ್ದರೆ ಐದು ಜನ. ಕೆಲಸ ಮಾಡಿ ಸುಸ್ತು ಅಂತ ಅವರು ಅಂದುಕೊಂಡಿರುತ್ತಾರೆ. ಕೊನೆಗೆ ಉಣ್ಣಲು ಕೂತವರಿಗೆ ಏನು ಉಳಿದಿರುತ್ತದೆ ಎಂದು ನಾನು ಒಂದು ವಾರ ನೋಡಿದೆ. ಅನ್ನ ಇರುತ್ತದೆ, ಸಾರಿನ ತಿಳಿ ಇರುತ್ತದೆ. ಸೊಪ್ಪಿನ ಪಲ್ಯ ಮುಗಿದಿರುತ್ತದೆ. ಸಾರಿನೊಳಗಿನ ಕಾಳನ್ನು ನನ್ನ ತಮ್ಮ ಹುಡುಕಿ ಹುಡುಕಿ ತಿಂದಿರುತ್ತಾನೆ. ಮೊಟ್ಟೆ ಮಾಡಿದ ದಿನ ಅವ್ವ “ನಂಗೆ ಸೇರಲ್ಲ” ಅನ್ನುತ್ತಾಳೆ. ಅದು ಸುಳ್ಳು ಎಂದು ನನಗೆ ಈಗ ಗೊತ್ತು. ಕಬ್ಬಿಣದ ಅಂಶ ಇರುವುದೆಲ್ಲ ನಮ್ಮ ತಟ್ಟೆಗೆ ಬಂದಿರುತ್ತದೆ. ಉಂಡ ಕೂಡಲೇ ಅವಳು ಒಂದು ಲೋಟ ಚಾ ಬೇರೆ ಕುಡಿಯುತ್ತಾಳೆ. ಊಟದಲ್ಲಿರುವ ಅಷ್ಟಿಷ್ಟು ಕಬ್ಬಿಣವನ್ನೂ ಚಾ ಮೈಗೆ ಹತ್ತಗೊಡುವುದಿಲ್ಲ. ನಿಂಬೆಹಣ್ಣು ಇದಕ್ಕೆ ಉಲ್ಟಾ, ಹತ್ತುವಂತೆ ಮಾಡುತ್ತದೆ. ಅದನ್ನು ಹಿಂಡಬೇಕಾದದ್ದು ಬಿಸಿ ಕಾಳುಪಲ್ಯಕ್ಕೆ, ನಿನ್ನೆಯ ಅನ್ನಕ್ಕಲ್ಲ.

ಇನ್ನೊಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2024ರ ಹೊತ್ತಿಗೆ ರೇಷನ್ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಬಣ್ಣ ಸ್ವಲ್ಪ ಬೇರೆಯಾದ ಕಾಳು ಬೆರೆಸಿ ಕೊಟ್ಟಿದ್ದರು. ಊರಲ್ಲೆಲ್ಲ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಸುದ್ದಿ. ಅವ್ವ ಮೊರದಲ್ಲಿ ಹಾಕಿ ಒಂದೊಂದೇ ಆರಿಸಿ ಕೋಳಿಗೆ ಹಾಕುತ್ತಿದ್ದಳು, ನಾನೂ ಕೂತು ಆರಿಸಿದ್ದೇನೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳು. ರಕ್ತ ಇಲ್ಲದ ನಮ್ಮವ್ವ ರಕ್ತ ಆಗುವ ಕಾಳನ್ನು ಕೋಳಿಗೆ ಹಾಕಿದಳು. ಶಾಲೆಗೆ ಬರುವ ನಾನು ಯಾರನ್ನೂ ಕೇಳದೆ ಜೊತೆಗೆ ಕೂತೆ. ತಪ್ಪು ಯಾರದು, ನೀವೇ ಹೇಳಿ.

ಹಾಗಾದರೆ ಅನ್ನ ಚೆಲ್ಲಬೇಕೇ ಎಂದು ಕೆಲವರು ಕೇಳಬಹುದು. ಬೇಡ, ಅನ್ನ ಚೆಲ್ಲುವುದು ನನಗೂ ಇಷ್ಟವಿಲ್ಲ. ಉಳಿಯದಂತೆ ಮಾಡಬೇಕು. ನಮ್ಮ ಶಾಲೆಯ ಬಿಸಿಯೂಟವನ್ನೇ ನೋಡಿ. ಐದನೇ ತರಗತಿವರೆಗಿನವರಿಗೆ ತಲೆಗೆ 100 ಗ್ರಾಂ ಅಕ್ಕಿ, ಅದರ ಮೇಲಿನವರಿಗೆ 150 ಗ್ರಾಂ ಎಂದು ಲೆಕ್ಕ. ಬೆಳಿಗ್ಗೆ ಹಾಜರಿ ಎಣಿಸಿಕೊಂಡು ಹೋಗಿ ಅಡುಗೆಯವರಿಗೆ ಹೇಳುತ್ತಾರೆ. ಬಡಿಸುವ ಮುಂಚೆ ಅಡುಗೆಯವರು, ಮೇಷ್ಟ್ರು ರುಚಿ ನೋಡುತ್ತಾರೆ. ಬಿಸಿ ಇರುವಾಗಲೇ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ. ಇನ್ನೂರು ಮಕ್ಕಳಿಗೆ ಆಗುವ ಲೆಕ್ಕ ಆರು ಜನರ ಮನೆಯಲ್ಲಿ ಯಾಕೆ ಆಗುವುದಿಲ್ಲ? ಮನೆಯಲ್ಲಿ ತಕ್ಕಡಿ ಬೇಕಿಲ್ಲ, ಒಂದು ಲೋಟ ಸಾಕು. ಆದರೆ ಒಂದು ತೊಡಕಿದೆ. ಪಾತ್ರೆಯಲ್ಲಿ ಅನ್ನ ಉಳಿಯದಿದ್ದರೆ “ಆ ಮನೆಯಲ್ಲಿ ಕಡಿಮೆ ಮಾಡ್ತಾರೆ” ಎಂದು ಮಾತಾಡುವ ಜನ ನಮ್ಮಲ್ಲಿದ್ದಾರೆ. ಗಂಡಿನವರು ಬಂದ ದಿನ ಅವ್ವ ಅಷ್ಟು ಅಕ್ಕಿ ಹಾಕಿದ್ದೂ ಅದೇ ಹೆದರಿಕೆಗೆ. ಆ ಮಾತಾಡುವವರು ಆಸ್ಪತ್ರೆ ಖರ್ಚಿಗೆ ಬರಲಿಲ್ಲ.

ಅಷ್ಟಾಗಿಯೂ ಉಳಿದರೆ ದೊಡ್ಡ ಪಾತ್ರೆಯಲ್ಲೇ ಮುಚ್ಚಿಡಬಾರದು. ಒಳಗಿನ ಬಿಸಿ ಗಂಟೆಗಟ್ಟಲೆ ಆರುವುದಿಲ್ಲ, ಕ್ರಿಮಿಗೆ ಅದೇ ಹಿತ. ಅಗಲ ತಟ್ಟೆಯಲ್ಲಿ ಹರವಿ ಬೇಗ ಆರಿಸಬೇಕು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರಡಿಸಿದ ಐದು ಸೂತ್ರಗಳಲ್ಲಿ ಹೇಳಿದೆ. ಫ್ರಿಜ್ ಇದ್ದವರು ಅದರಲ್ಲಿಟ್ಟು ಮರುದಿನವೇ ಮುಗಿಸಲಿ. ನಮ್ಮಂತೆ ಇಲ್ಲದವರು ರಾತ್ರಿಯೇ ದನಕ್ಕೆ ಸ್ವಲ್ಪ, ನಾಯಿಗೆ ಸ್ವಲ್ಪ ಹಾಕಿಬಿಡುವುದು ವಾಸಿ.

ಬೆಳಿಗ್ಗೆ ತಿಂಡಿಗೆ ಏನು ಅಂತೀರಾ? ದಾವಣಗೆರೆಯವರಾಗಿ ಈ ಪ್ರಶ್ನೆ ಕೇಳಬಾರದು! ಮಂಡಕ್ಕಿ ಇದೆಯಲ್ಲ. ಭಟ್ಟಿಯಲ್ಲಿ ಹುರಿದು ಒಣಗಿದ ಮಂಡಕ್ಕಿ ಡಬ್ಬಿಯಲ್ಲಿ ಎಷ್ಟು ದಿನವಾದರೂ ಇರುತ್ತದೆ. ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಶೇಂಗಾದ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಪುಡಿ ಉದುರಿಸಿದರೆ ಹತ್ತು ನಿಮಿಷದಲ್ಲಿ ಬಿಸಿ ತಿಂಡಿ. ಬರೀ ಮಂಡಕ್ಕಿಯಲ್ಲಿ ಸತ್ವ ಕಡಿಮೆ, ಆದ್ದರಿಂದ ಶೇಂಗಾ, ಪುಟಾಣಿಗೆ ಜಿಪುಣತನ ಮಾಡಬಾರದು. ಶೇಂಗಾ ಬೂಸ್ಟು ಹಿಡಿದಿದ್ದರೆ ಮಾತ್ರ ಹುರಿದು ನುಂಗುವುದು ಬೇಡ, ತಿಪ್ಪೆಗೆ.

ಆದರೆ ಇದೆಲ್ಲ ಹೆಂಗಸರಿಗೆ ಹೇಳುವ ಬುದ್ಧಿಮಾತಾಗಿ ಹೋದರೆ ಏನೂ ಉಪಯೋಗವಿಲ್ಲ. ಅವರಿಗೆ ಇನ್ನೊಂದು ಕೆಲಸ ಹೆಚ್ಚಾಯಿತು, ಅಷ್ಟೇ. ನಾನು ಕೇಳುವುದು ನಮ್ಮ ತರಗತಿಯ ಹುಡುಗರನ್ನು, ಹುಡುಗಿಯರನ್ನು. ವಾರಕ್ಕೊಮ್ಮೆ ಶಾಲೆಯಲ್ಲಿ ಕಬ್ಬಿಣದ ನೀಲಿ ಮಾತ್ರೆ ನುಂಗುವಾಗ ನಿಮ್ಮವ್ವನ ನೆನಪು ಬರುತ್ತದೆಯೇ? ರಾತ್ರಿ ಅವರ ತಟ್ಟೆಯಲ್ಲಿ ಪಲ್ಯ ಇತ್ತೇ ಎಂದು ನೋಡಿದ್ದೀರಾ?

ನಮ್ಮ ಮನೆಯಲ್ಲಿ ಈಗ ಆರು ತಟ್ಟೆ ಒಟ್ಟಿಗೆ ಹಾಕುತ್ತೇವೆ. ಪಲ್ಯವನ್ನು ಮೊದಲೇ ಆರು ಪಾಲು ಮಾಡುವುದು ನನ್ನ ಕೆಲಸ. ತಮ್ಮ ಮುಖ ಊದಿಸಿಕೊಂಡಿದ್ದಾನೆ. ಅಪ್ಪ ಮೊದಲ ದಿನ “ಇದೇನು ಹೊಸ ಪದ್ಧತಿ?” ಅಂದರು, ಆಮೇಲೆ ಏನೂ ಅನ್ನಲಿಲ್ಲ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಹತ್ತೂವರೆ ಬಂತು. ಮಾತ್ರೆಯೂ ನಡೆದಿದೆ. ನಿನ್ನೆ ರಾತ್ರಿ ಅವ್ವ ನಮ್ಮ ಜೊತೆ ಕೂತಳು, ಆದರೂ ನೀರು, ಉಪ್ಪು ಅಂತ ಮೂರು ಸಲ ಎದ್ದಳು. ನಾಲ್ಕನೇ ಸಲ ಅಪ್ಪನೇ ಎದ್ದು ಹೋಗಿ ಮಜ್ಜಿಗೆ ತಂದರು.

— ಹತ್ತನೇ ತರಗತಿಯ ವಿದ್ಯಾರ್ಥಿನಿ
(ಹೆಸರು ಹಾಕಬೇಡ ಎಂದು ಅಕ್ಕ ಹೇಳಿದ್ದಾಳೆ)