ಕಲ್ಲಿದ್ದಲಿನ ಉಂಗುರ ಒಡೆದಾಗ...

ಕಲ್ಲಿದ್ದಲಿನ ಹೊಗೆಯಲ್ಲಿರೋ ನೈಟ್ರೋಜನ್ ಆಕ್ಸೈಡಿಗೆ ಗಾಳಿಯ ಸಾರಜನಕವೇ ಕಾರಣ, ಅದಕ್ಕೆ ಯಾರೇನು ಮಾಡೋಕಾಗುತ್ತೆ ಅಂತ ಓದಿದವರೂ ಹೇಳೋದು ಕೇಳಿದ್ದೀನಿ. ಪೆಟ್ರೋಲ್ ಇಂಜಿನ್ನಿಗಾದ್ರೆ ಒಪ್ಪಬಹುದಿತ್ತು. ಕಲ್ಲಿದ್ದಲಿನ ತೂಕದಲ್ಲೇ ಹೆಚ್ಚುಕಮ್ಮಿ ಶೇ. 1ರಿಂದ 2ರಷ್ಟು ಸಾರಜನಕ ಇರುತ್ತೆ. ಕಲ್ಲಿದ್ದಲನ್ನ ಪುಡಿ ಮಾಡಿ ಉರಿಸೋ ಬಾಯ್ಲರಿನಿಂದ ಹೊರಬರೋ ಆಕ್ಸೈಡಿನಲ್ಲಿ ಬಹುಪಾಲು ಇದರದ್ದೇ.

ಈ ಸಾರಜನಕ ಕೂತಿರೋದು ಹೆಚ್ಚಾಗಿ ಎರಡು ಥರದ ಉಂಗುರಗಳಲ್ಲಿ. ಐದು ಪರಮಾಣುವಿನ ಪಿರೋಲ್, ಆರರ ಪಿರಿಡಿನ್. ಎರಡೂ ಆರೋಮ್ಯಾಟಿಕ್, ಅಂದ್ರೆ ಗಟ್ಟಿಪಿಂಡಗಳು :-) 1990ರ ಆಸುಪಾಸಿನಲ್ಲಿ ಮ್ಯಾಕಿ, ಕೋಲ್ಕೆಟ್, ನೆಲ್ಸನ್ ಇವುಗಳನ್ನ ಶಾಕ್ ಟ್ಯೂಬಿನಲ್ಲಿ ಸಾವಿರ ಕೆಲ್ವಿನ್‌ಗೂ ಮೇಲೆ, ಬರೀ ಮಿಲಿಸೆಕೆಂಡಿನ ಲೆಕ್ಕದಲ್ಲಿ ಕಾಯಿಸಿ ನೋಡಿದರು. ಪಿರಿಡಿನ್‌ನಲ್ಲಿ ಸಾರಜನಕದ ಪಕ್ಕದ ಕಾರ್ಬನ್ ತನ್ನ ಹೈಡ್ರೋಜನ್ ಕಳಕೊಂಡರೆ ಉಂಗುರ ಬಿಚ್ಚಿಕೊಳ್ಳುತ್ತೆ. ಪಿರೋಲ್‌ನಲ್ಲಿ ಸಾರಜನಕದ ಮೇಲಿನ ಹೈಡ್ರೋಜನ್ ಮೊದಲು ಪಕ್ಕದ ಕಾರ್ಬನ್ನಿಗೆ ಜಿಗಿಯುತ್ತೆ, ಆಮೇಲೆ ಬಿಚ್ಚೋದು. ದಾರಿ ಬೇರೆ ಬೇರೆ, ಆದ್ರೆ ಎರಡರಲ್ಲೂ ಸಾರಜನಕ ಹೆಚ್ಚಾಗಿ ಹೊರಬರೋದು ಹೈಡ್ರೋಜನ್ ಸಯನೈಡ್ ಆಗಿ.

ವೇಗದ ವಿಷಯ ಇನ್ನೂ ಮಜವಾಗಿದೆ. ಆಕ್ಟಿವೇಷನ್ ಎನರ್ಜಿ ಮೋಲಿಗೆ 300 ಕಿಲೋಜೂಲ್ ಅಂತಿಟ್ಟುಕೊಂಡು ಆರೇನಿಯಸ್ ಸೂತ್ರಕ್ಕೆ ಹಾಕಿ ನೋಡಿ. 1400ರಿಂದ 1500 ಕೆಲ್ವಿನ್‌ಗೆ ಹೋದರೆ ವೇಗ ಐದೂವರೆ ಪಟ್ಟು! ಅಂದ್ರೆ ಬರ್ನರಿನ ಬಾಯಲ್ಲೇ, ಕಣ್ಣು ಮಿಟುಕಿಸೋದರೊಳಗೆ ಸಯನೈಡ್ ತಯಾರು. ಆ ಜಾಗದಲ್ಲಿ ಆಮ್ಲಜನಕ ಧಾರಾಳವಾಗಿದ್ದರೆ ಅದು ನೈಟ್ರಿಕ್ ಆಕ್ಸೈಡ್ ಆಗುತ್ತೆ, ಕೊರತೆಯಿದ್ದರೆ ಹೆಚ್ಚಿನ ಪಾಲು ಏನೂ ತೊಂದರೆ ಕೊಡದ ಸಾರಜನಕ ಅನಿಲವಾಗಿ ಬಿಡುತ್ತೆ. ಗಾಳಿಯನ್ನ ಮೊದಲು ಕಮ್ಮಿ ಕೊಟ್ಟು, ಉಳಿದದ್ದನ್ನ ಮೇಲಿಂದ ಕೊಡೋ ಲೋ-ನಾಕ್ಸ್ ಬರ್ನರುಗಳ ಗುಟ್ಟು ಇಷ್ಟೇ. ಇದಕ್ಕೆ ದುಬಾರಿ ವೇಗವರ್ಧಕವೂ ಬೇಡ.

ಹೀಗಿರುವಾಗ ನಮ್ಮಲ್ಲಿ ಏನಾಯ್ತು? ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ, 2004ರಿಂದ 2016ರವರೆಗಿನ ಘಟಕಗಳಿಗೆ ಘನಮೀಟರಿಗೆ 300 ಮಿಲಿಗ್ರಾಂ ಮಿತಿ ಹಾಕಿತು. 2020ರ ಅಕ್ಟೋಬರಿನಲ್ಲಿ ಅದನ್ನ 450ಕ್ಕೆ ಸಡಿಲಿಸಿತು. ಕಮ್ಮಿ ಲೋಡಿನಲ್ಲಿ ಓಡಿಸುವಾಗ 300 ಕಷ್ಟ ಅನ್ನೋದು ವಾದ. ವಾದದಲ್ಲಿ ರಸಾಯನಶಾಸ್ತ್ರ ಇಲ್ಲದಿಲ್ಲ. ಲೋಡ್ ಇಳಿಸಿದಾಗ ಇಂಧನಕ್ಕೆ ಹೋಲಿಸಿದರೆ ಗಾಳಿ ಜಾಸ್ತಿಯಾಗುತ್ತೆ, ಸಯನೈಡ್ ತಪ್ಪು ದಾರಿ ಹಿಡಿಯುತ್ತೆ. ಸರಿ, ಹಾಗಾದ್ರೆ ಕಮ್ಮಿ ಲೋಡಿಗಷ್ಟೇ ಬೇರೆ ಮಿತಿ ಇಡಬಹುದಿತ್ತಲ್ಲ? ಪೂರ್ತಿ ಲೋಡಿನಲ್ಲಿ ಓಡುವಾಗಲೂ ಯಾಕೆ ಈ ರಿಯಾಯಿತಿ? ನನಗಂತೂ ಇದು ಲೆಕ್ಕ ಮಾಡೋ ಬದಲು ಉತ್ತರವನ್ನೇ ತಿದ್ದಿದ ಹಾಗೆ ಕಾಣುತ್ತೆ.

ಅಂದಹಾಗೆ, ನಮ್ಮ ರಾಯಚೂರಿನ ಎಂಟನೇ ಘಟಕ 2010ರದ್ದು, ಇದೇ 450ರ ಗುಂಪಿನದ್ದು.