ಚಿನ್ನದ ಅಳತೆ ಪಾಸ್ತಾಕ್ಕೆ, ಮಾಡಿದ ಕೈಗೆ ಏನು?



ಇಟಲಿಯ ಅಜ್ಜಿಯರು ಹಲಗೆಯ ಮೇಲೆ ಹಿಟ್ಟು ನಾದಿ ಪಾಸ್ತಾ ಮಾಡುವ ವಿಡಿಯೊ ನೋಡಿ ನಾವೆಲ್ಲ ಲೈಕ್ ಒತ್ತುತ್ತೇವೆ. ಆ ಕೈಗಳಿಗೆ ಸಲ್ಲಬೇಕಾದುದು ಸಲ್ಲುತ್ತಿದೆಯೇ ಎಂದು ಮಾತ್ರ ಕೇಳುವುದಿಲ್ಲ.

ಬೊಲೋನ್ಯ ನಗರವನ್ನೇ ನೋಡಿ. ಅಲ್ಲಿ 100 ಗ್ರಾಂ ಗೋಧಿ ಹಿಟ್ಟಿಗೆ ಒಂದು ಮೊಟ್ಟೆ ಎಂಬುದು ಮನೆಮನೆಯ ಲೆಕ್ಕ. ಉದ್ದನೆಯ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಮಡಚಿ, ಪಟ್ಟಿಯಾಗಿ ಕತ್ತರಿಸಿದರೆ ಟಾಲ್ಯತೆಲ್ಲೆ. ಹಸಿ ಪಾಸ್ತಾ ಆದ್ದರಿಂದ ಬೇಯಲು ಎರಡು ಮೂರು ನಿಮಿಷ ಸಾಕು. ಅದರ ಜೊತೆಗಾರ ರಾಗೂವಿಗೆ ಅವಸರ ಆಗದು. ಮಾಂಸ, ಈರುಳ್ಳಿ, ಗಜ್ಜರಿ, ಸೆಲೆರಿ, ವೈನ್, ಟೊಮೆಟೊ ಎಲ್ಲ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಬೇಕು. 1972ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ಚಿನ್ನದ ಒಂದು ಟಾಲ್ಯತೆಲ್ಲೆಯನ್ನೇ ಅಳತೆಗೆಂದು ಇಟ್ಟರು: ಬೆಂದ ಮೇಲೆ ಅಗಲ 8 ಮಿ.ಮೀ. ಇರಬೇಕು. 1982ರಲ್ಲಿ ರಾಗೂ ಮಾಡುವ ವಿಧಾನವೂ ಅಲ್ಲಿ ದಾಖಲಾಯಿತು.

ಇನ್ನು ದಕ್ಷಿಣದ ಬಾರಿ ಪಟ್ಟಣ. ಅಲ್ಲಿ ಮೊಟ್ಟೆಯಿಲ್ಲ, ಗಟ್ಟಿ ಗೋಧಿಯ ರವೆ ಮತ್ತು ನೀರು ಮಾತ್ರ. ಹಳೆಯ ಪೇಟೆಯ ಓಣಿಯಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಕೂತು, ಹಿಟ್ಟಿನ ತುಣುಕನ್ನು ಚಾಕುವಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿ ಪುಟ್ಟ ಕಿವಿಯ ಆಕಾರದ ಒರೆಕ್ಕಿಯೆಟ್ಟೆ ಮಾಡುತ್ತಾರೆ. ಟರ್ನಿಪ್ ಸೊಪ್ಪಿನ ಜೊತೆ ಅದನ್ನು ಉಣ್ಣುವುದು ಅಲ್ಲಿನ ರೂಢಿ. 2019ರಲ್ಲಿ ಅಲ್ಲಿನ ಪೊಲೀಸರು ಒಂದು ಹೋಟೆಲಿನಲ್ಲಿ, ಎಲ್ಲಿಂದ ಬಂತೆಂಬ ದಾಖಲೆಯಿಲ್ಲದ ಒರೆಕ್ಕಿಯೆಟ್ಟೆಯನ್ನು ಹಿಡಿದರು. ಓಣಿಯ ಹೆಂಗಸರಿಗೆ ತಮ್ಮ ಸಂಪಾದನೆಗೇ ಕುತ್ತು ಬಂತೆಂಬ ಭಯ ಹುಟ್ಟಿತು.

ಕಾನೂನು ಎಲ್ಲರಿಗೂ ಒಂದೇ ಎಂದು ಕೆಲವರು ಹೇಳಬಹುದು. ಮಾತು ಸುಳ್ಳಲ್ಲ. ತಿನ್ನುವವನಿಗೆ ತಾನು ತಿನ್ನುವುದು ಎಲ್ಲಿಂದ ಬಂತೆಂದು ತಿಳಿಯುವ ಹಕ್ಕಿದೆ. ಕಾರ್ಖಾನೆಯ ಪಾಸ್ತಾವನ್ನು ಕೈಯಲ್ಲಿ ಮಾಡಿದ್ದೆಂದು ಮಾರಿದರೆ ಮೊದಲು ಹೊಟ್ಟೆಗೆ ಪೆಟ್ಟು ಬೀಳುವುದು ನಿಜವಾಗಿ ಕೈಯಲ್ಲಿ ಮಾಡುವವಳಿಗೇ. ಆದರೆ ಕಾರ್ಖಾನೆಗೆ ಲೆಕ್ಕ ಬರೆಯಲು ಗುಮಾಸ್ತರಿದ್ದಾರೆ. ಓಣಿಯ ಅಜ್ಜಿಗೆ ಇರುವುದು ಎರಡು ಕೈ, ಒಂದು ಹಲಗೆ. ಇಬ್ಬರ ತಲೆಯ ಮೇಲೂ ಒಂದೇ ಹೊರೆ ಹೊರಿಸಿದರೆ ಕುಸಿಯುವುದು ಯಾರೆಂದು ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ನಿಯಮ ಇರಲಿ, ಅದನ್ನು ಪಾಲಿಸುವ ದಾರಿಯನ್ನೂ ನಗರಸಭೆಯೇ ಮಾಡಿಕೊಡಲಿ. ಹೆಂಗಸರು ಸೇರಿ ಬಳಸುವ ಸ್ವಚ್ಛ ಅಡುಗೆಮನೆ, ಹೆಸರು ಮತ್ತು ತಾರೀಕು ಬರೆದ ಸರಳ ಚೀಟಿ, ಹೋಟೆಲಿನವರಿಂದ ನ್ಯಾಯವಾದ ಬೆಲೆ. ಇವು ದೊಡ್ಡ ಖರ್ಚಿನ ಮಾತಲ್ಲ.

ಪಾಸ್ತಾದ ಅಗಲವನ್ನು ಚಿನ್ನದಲ್ಲಿ ಕಾಪಾಡಬಲ್ಲ ದೇಶ, ಪಾಸ್ತಾ ಮಾಡುವ ಕೈಯನ್ನೂ ಕಾಪಾಡಬಲ್ಲದು. ಆ ಕೈಗಳು ನಿಂತ ದಿನ ಚಿನ್ನದ ಅಳತೆ ಇಟ್ಟುಕೊಂಡು ಏನು ಅಳೆಯುವುದು? ಸ್ನೇಹಿತರೇ, ಇನ್ನು ಮುಂದೆ ‘ಕೈಯಲ್ಲಿ ಮಾಡಿದ್ದು’ ಎಂಬ ಮಾತು ಎಲ್ಲಿ ಕಂಡರೂ ‘ಯಾರ ಕೈ? ಆ ಕೈಗೆ ಎಷ್ಟು ಸಿಕ್ಕಿತು?’ ಎಂದು ಕೇಳೋಣ.