ಕೆರೆಯೂ ಸರೋವರವೂ ಒಂದೆಯೆ?

ಸಖರಾಯಪಟ್ಟಣದ ಸಮೀಪದ ಅಯ್ಯನಕೆರೆಯನ್ನು ನೋಡಬರುವವರ ಬಾಯಲ್ಲಿ ಈಚೆಗೆ ‘ಅಯ್ಯನಕೆರೆ ಲೇಕ್’ ಎಂಬ ಮಾತು ರೂಢವಾಗಿದೆ. ಆಂಗ್ಲವನ್ನು ಒಲ್ಲದ ಅಭಿಮಾನಿಗಳು ಅದನ್ನು ತಿದ್ದಿ ‘ಅಯ್ಯನಕೆರೆ ಸರೋವರ’ ಎನ್ನುತ್ತಾರೆ. ಮೊದಲನೆಯದು ಪುನರುಕ್ತಿಯಾದರೆ ಎರಡನೆಯದು ಸಂಸ್ಕೃತದ ಉಡುಪು ತೊಟ್ಟ ಅದೇ ಪುನರುಕ್ತಿ. ಇದನ್ನು ಎತ್ತಿ ಹೇಳಿದರೆ, ‘ಲೇಕ್ ಎಂದರೇನು, ಕೆರೆ ಎಂದರೇನು, ಸರೋವರವೆಂದರೇನು? ಎಲ್ಲವೂ ಪರ್ಯಾಯಪದಗಳೇ ಅಲ್ಲವೆ?’ ಎಂದು ವಿದ್ಯಾವಂತರು ನಗುತ್ತಾರೆ. ಆ ನಗೆಯಲ್ಲಿಯೇ ತಪ್ಪಿರುವುದು.

ಆಂಗ್ಲದ ಲೇಕ್ ಎಂಬುದು ಮುಖ್ಯವಾಗಿ ಭೂಮಿಯ ಸಹಜವಾದ ತಗ್ಗಿನಲ್ಲಿ ತಾನಾಗಿ ನಿಂತ ಜಲರಾಶಿ. ಕೆರೆಯು ತಾನಾಗಿ ನಿಂತದ್ದಲ್ಲ, ನಿಲ್ಲಿಸಿದ್ದು. ಹಳ್ಳಕ್ಕೆ ಅಡ್ಡಲಾಗಿ ಮನುಷ್ಯರು ಬುಟ್ಟಿಬುಟ್ಟಿಯಾಗಿ ಮಣ್ಣು ಹೊತ್ತು ಏರಿ ಹಾಕಿದರು. ಗದ್ದೆಗೆ ನೀರು ಬಿಡಲು ತೂಬು ಇಟ್ಟರು. ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಕೋಡಿ ಕಟ್ಟಿದರು. ಅಚ್ಚುಕಟ್ಟಿನ ಹೊಲಹೊಲಕ್ಕೂ ಸರದಿಯಂತೆ ನೀರು ಹಂಚಲು ನೀರುಗಂಟಿಯನ್ನು ನೇಮಿಸಿದರು. ಬೇಸಗೆಯಲ್ಲಿ ನೀರು ಇಂಗಿದಾಗ ಗಾಡಿ ಹೂಡಿ ಅಂಗಳದ ಗೋಡುಮಣ್ಣನ್ನು ಹೊಲಕ್ಕೆ ಹೊಡೆದರು. ಬೆಳೆಗೆ ಗೊಬ್ಬರವಾಯಿತು, ಕೆರೆಗೆ ಆಳವಾಯಿತು. ಇವೆಲ್ಲವೂ ಸೇರಿ ಕೆರೆ. ನೀರು ಅದರಲ್ಲಿ ಒಂದು ಅಂಗ ಮಾತ್ರ. ನೀರು ಬತ್ತಿದ ಮೇಲೂ ಕೆರೆಯು ಕೆರೆಯೇ.

ಈ ಭೇದವನ್ನು ಹಿಂದಿನ ಆಂಗ್ಲ ಅಧಿಕಾರಿಗಳು ಕಂಡಿದ್ದರೆಂಬುದು ಸೋಜಿಗ. ಅವರು ನಮ್ಮ ನಾಡಿನ ಕೆರೆಗೆ ಲೇಕ್ ಎನ್ನದೆ ‘ಟ್ಯಾಂಕ್’ ಎಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನಲ್ಲಿಯೂ ಕೆರೆಗೆ ಆ ಅರ್ಥವೇ ಇದೆ. ಈ ಟ್ಯಾಂಕ್ ಶಬ್ದದ ಮೂಲ ಗುಜರಾತಿನದೋ ಪೋರ್ತುಗೀಸರದೋ ಎಂಬ ಚರ್ಚೆ 1886ರ ‘ಹಾಬ್ಸನ್–ಜಾಬ್ಸನ್’ ಕೋಶದಷ್ಟು ಹಳೆಯದು. 1915ರಲ್ಲಿ ಯುದ್ಧದ ಉಕ್ಕಿನ ಬಂಡಿಗೆ ಗುಟ್ಟಿನ ಹೆಸರಾಗಿ ಅದೇ ಶಬ್ದವನ್ನು ಇಟ್ಟರು. ಈಗಿನ ಹುಡುಗನಿಗೆ ಟ್ಯಾಂಕ್ ಎಂದರೆ ಮಾಳಿಗೆಯ ಮೇಲಿನ ಕಪ್ಪು ಪೀಪಾಯಿ. ಹೀಗೆ ಟ್ಯಾಂಕು ಮಾಳಿಗೆಯನ್ನೇರಿತು. ಅದು ತೆರವು ಮಾಡಿದ ಸ್ಥಳಕ್ಕೆ ಲೇಕ್ ಬಂದು ಕುಳಿತಿತು.

ಇನ್ನು ಸರೋವರದ ಪಕ್ಷಪಾತಿಗಳು. ಕೆರೆಯೆಂಬುದು ಗ್ರಾಮ್ಯ, ಬರವಣಿಗೆಗೆ ಸರೋವರವೇ ಗೌರವವೆಂದು ಇವರ ಮತ. ತಡಾಗ, ಕಾಸಾರ, ಸರಸಿ, ಸರಸ್ಸುಗಳನ್ನು ಅಮರಸಿಂಹನು ಒಟ್ಟಿಗೆ ಹೇಳಿದ್ದಾನೆಂದು ಇವರು ಸಾಕ್ಷಿ ಕೊಡುತ್ತಾರೆ. ನಿಜ; ಆದರೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವರೆಲ್ಲರೂ ಒಂದೇ ಮನೆಯವರಾಗರು. ಅದೇ ವಾರಿವರ್ಗದಲ್ಲಿ ಅಗಾಧವಾದ ನೀರಿಗೆ ಹ್ರದವೆಂದೂ ಅಲ್ಪವಾದುದಕ್ಕೆ ಪಲ್ವಲವೆಂದೂ ಆತನು ಬೇರ್ಪಡಿಸಿದ್ದನ್ನು ಇವರು ಏತಕ್ಕೆ ಓದುವುದಿಲ್ಲ? ಪುಣ್ಯಕಾರ್ಯಗಳ ಸಪ್ತಸಂತಾನದಲ್ಲಿ ಎಣಿಸಿರುವುದು ತಟಾಕವನ್ನು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ತಟಾಕನಿರ್ಮಾಣಕ್ಕೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ. ನೀರು ಸ್ವಲ್ಪವಾಗಿ ಗದ್ದೆ ವಿಸ್ತಾರವಾಗಿರುವುದು ಇನ್ನೊಂದು. ಬ್ರಹ್ಮನ ಮನಸ್ಸಿನಿಂದ ಹುಟ್ಟಿತೆನ್ನುವ ಮಾನಸಸರೋವರಕ್ಕೆ ಇಂಥ ದೋಷವನ್ನು ಯಾರು ಎಣಿಸಬಲ್ಲರು? ಸಂಸ್ಕೃತದ ಮೇಲಿನ ಗೌರವವೇ ಕಾರಣವಾಗಿದ್ದರೆ ಇವರು ತಟಾಕವೆನ್ನಬೇಕಾಗಿತ್ತು. ಕಾರಣ ಗೌರವವಲ್ಲ, ಆಲಸ್ಯ.

ಸಾಗರವೆಂಬುದು ಅರಸರ ಮಾತು. ಅಯ್ಯನಕೆರೆಯಿಂದ ಇಳಿದ ವೇದಾ, ಮದಗದ ಕೆರೆಯಿಂದ ಇಳಿದ ಆವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನತ್ತ ಹೋಗುತ್ತವೆ. ಅಲ್ಲಿ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ಕಟ್ಟೆಯ ನೀರಿಗೆ ವಾಣಿವಿಲಾಸ ಸಾಗರವೆಂದು ಹೆಸರು. ಅದು ಕೀರ್ತಿಗಾಗಿ ಇಟ್ಟ ಅಂಕಿತ, ಒಪ್ಪತಕ್ಕದ್ದೇ. ಚನ್ನಗಿರಿಯ ಸೂಳೆಕೆರೆಯನ್ನು ಶಾಂತಿಸಾಗರವೆಂದವರ ಸಂಕೋಚವೂ ತಿಳಿಯತಕ್ಕದ್ದೇ. ಆದರೂ ಹಳ್ಳಿಗರು ಇಂದಿಗೂ ಮಾರಿಕಣಿವೆಯೆಂದೂ ಸೂಳೆಕೆರೆಯೆಂದೂ ಅನ್ನುವುದನ್ನು ಬಿಟ್ಟಿಲ್ಲ.

ಹಳ್ಳಿಗರ ಬಾಯಲ್ಲಿ ಪರ್ಯಾಯಪದಗಳೇ ಇಲ್ಲವೆಂದಲ್ಲ. ದನಗಳಿಗೆ ಗೋಕಟ್ಟೆ, ಕಲ್ಲುಭೂಮಿಯ ಚಿಕ್ಕ ತಗ್ಗಿಗೆ ಕುಂಟೆ, ದೇವಾಲಯದ ಮುಂದೆ ಮೆಟ್ಟಿಲುಗಳುಳ್ಳದ್ದು ಕಲ್ಯಾಣಿ, ಹೊಳೆಯ ಆಳದ ಠಾವು ಮಡು. ಒಂದರ ಹೆಸರನ್ನು ಇನ್ನೊಂದಕ್ಕೆ ಅವರು ಅಂಟಿಸುವುದಿಲ್ಲ. ಮದಗದ ಕೆರೆಯನ್ನು ಹಾಡಿದ ಜನಪದರು ಕೆರೆಯೆಂದೇ ಹಾಡಿದರು. ಊರುಗಳೂ ಹಾಗೆಯೇ. ಸಿಂಗಟಗೆರೆ, ದಾವಣಗೆರೆಗಳಲ್ಲಿ ಆದೇಶಸಂಧಿಯಿಂದ ಕಕಾರವು ಗಕಾರವಾಗಿದೆ. ತರೀಕೆರೆ, ಅರಸೀಕೆರೆಗಳಲ್ಲಿ ದೀರ್ಘಸ್ವರದ ಮುಂದೆ ಕಕಾರವೇ ಉಳಿದಿದೆ. ಸಿಂಗಟಗೆರೆ ಹೋಬಳಿಯ ಬಾಲಕನು ದಿನಕ್ಕೆ ಹತ್ತು ಸಲ ತನ್ನ ಊರ ಹೆಸರನ್ನು ಬರೆಯುತ್ತಾನೆ. ಅದರೊಳಗೆ ಕೆರೆಯಿದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ, ‘ಲೇಕ್’ ಎಂಬುದರ ಕಾಗುಣಿತವನ್ನು ಮಾತ್ರ ಕಲಿಸಿರುತ್ತಾರೆ.

ಹೆಸರಿನಿಂದ ಕೆರೆ ಉಳಿಯುವುದೆ ಎಂದು ಕೇಳಬಹುದು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ಸಿನ ನಿಲ್ದಾಣವಾದದ್ದೂ ಸಂಪಂಗಿ ಕೆರೆ ಕ್ರೀಡಾಂಗಣವಾದದ್ದೂ ಕೆರೆಯೆಂಬ ಹೆಸರಿದ್ದಾಗಲೇ. ಈ ಆಕ್ಷೇಪ ಬಲವಾದದ್ದೇ, ಅಲ್ಲಗಳೆಯುವಂತಿಲ್ಲ. ಆದರೆ ಕೆರೆಗೆ ಅನ್ಯಾಯವಾದಾಗ ಅದನ್ನು ಹೇಳುವುದಕ್ಕಾದರೂ ಮಾತು ಬೇಕಷ್ಟೆ. ಲೇಕ್ ಎಂದೊಡನೆ ಜನರು ಕೇಳುವುದು ಸುತ್ತಲೂ ಬೇಲಿ, ನಡೆದಾಡುವ ಹಾದಿ, ಕುಳಿತುಕೊಳ್ಳುವ ಕಲ್ಲುಬೆಂಚು, ದೋಣಿ. ತೂಬು ಹೂತುಹೋಯಿತೆಂದಾಗಲಿ ನೀರು ಬರುವ ಕಾಲುವೆಯನ್ನು ಯಾರೋ ಉತ್ತುಕೊಂಡರೆಂದಾಗಲಿ ಲೇಕಿನ ವಿಚಾರದಲ್ಲಿ ಯಾರೂ ದೂರು ಕೊಡುವುದಿಲ್ಲ. ಏಕೆಂದರೆ ಲೇಕಿಗೆ ತೂಬೇ ಇಲ್ಲ. ಸರ್ಕಾರವೂ ಈ ಗೊಂದಲವನ್ನು ಅನುಭವಿಸಿದೆ. 2014ರ ಕಾಯಿದೆಯಿಂದ ಹುಟ್ಟಿದ ಪ್ರಾಧಿಕಾರದ ಆಂಗ್ಲನಾಮದಲ್ಲಿ ಮೊದಲು ಲೇಕ್ ಎಂದಿದ್ದುದನ್ನು ತರುವಾಯ ಟ್ಯಾಂಕ್ ಎಂದು ತಿದ್ದಬೇಕಾಯಿತು. ಕನ್ನಡದಲ್ಲಿ ತಿದ್ದುವ ಕೆಲಸವೇ ಇರಲಿಲ್ಲ. ಅದು ಮೊದಲೂ ಕೆರೆ, ಆಮೇಲೂ ಕೆರೆ.

ಭದ್ರಾ ಮೇಲ್ದಂಡೆ ಯೋಜನೆಯಿಂದ 367 ಕೆರೆಗಳಿಗೆ ನೀರು ತುಂಬಿಸುವ ಸಂಕಲ್ಪವಿದೆ. ಮಳೆ ಕೈಕೊಡುವ ಕಡೂರಿನ ಬಯಲುಸೀಮೆಗೆ ಇದಕ್ಕಿಂತ ದೊಡ್ಡ ಸುದ್ದಿಯಿಲ್ಲ. ಆ ನೀರು ಬಂದಾಗ ಹೂಳು ತೆಗೆದ ಅಂಗಳವೂ ಜಿನುಗದ ಏರಿಯೂ ಸಿದ್ಧವಾಗಿರಬೇಕು. ನಾಮಫಲಕಗಳಿಗೆ ಹೊಸ ಬಣ್ಣ ಬಳಿಯುವವರು ಮಾತ್ರ ‘ಅಯ್ಯನಕೆರೆ’ ಎಂದು ಬರೆದು ಕುಂಚವನ್ನು ಎತ್ತಿಬಿಡಲಿ; ಬಣ್ಣವೂ ಉಳಿಯುತ್ತದೆ.